ಪದ ಪರಿಚಯ: ಉಲ್ಲೇಖ ಮೌಲ್ಯ

ಗಾಳಿ ಊದಿಸಿ ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯ ವರದಿಯಲ್ಲಿ, ಮಗು ಊದಿದ ಗಾಳಿಯ ಅಳತೆಯ ಪಕ್ಕದಲ್ಲೇ ‘ಪ್ರೆಡಿಕ್ಟೆಡ್’ ಎಂಬ ಇನ್ನೊಂದು ಅಂಕಣವಿರುತ್ತದೆ. ಅದೇ ವಯಸ್ಸು, ಎತ್ತರ ಮತ್ತು ಲಿಂಗದ ಆರೋಗ್ಯವಂತ ಮಗುವಿನಿಂದ ಸರಾಸರಿ ಎಷ್ಟನ್ನು ನಿರೀಕ್ಷಿಸಬಹುದು ಎಂದು ತಿಳಿಸುವ ಈ ಸಂಖ್ಯೆಯೇ ಉಲ್ಲೇಖ ಮೌಲ್ಯ. ಯಂತ್ರ ಇದನ್ನು ಅಳೆಯುವುದಿಲ್ಲ. ಹಿಂದೊಮ್ಮೆ ಬೇರೆ ಮಕ್ಕಳನ್ನು ಅಳೆದು ರೂಪಿಸಿದ ಸಮೀಕರಣದಿಂದ ಲೆಕ್ಕ ಹಾಕುತ್ತದೆ. ಆ ಬೇರೆ ಮಕ್ಕಳು ಯಾರು ಎಂಬುದರಲ್ಲಿಯೇ ಇಡೀ ಪ್ರಶ್ನೆ ಅಡಗಿದೆ.

ಇಂದು ವ್ಯಾಪಕವಾಗಿ ಬಳಕೆಯಲ್ಲಿರುವುದು ‘ಗ್ಲೋಬಲ್ ಲಂಗ್ ಫಂಕ್ಷನ್ ಇನಿಶಿಯೇಟಿವ್’ ಎಂಬ ಅಂತರರಾಷ್ಟ್ರೀಯ ತಜ್ಞರ ತಂಡ 2012ರಲ್ಲಿ ಪ್ರಕಟಿಸಿದ, 3ರಿಂದ 95 ವರ್ಷದವರಿಗೆ ಅನ್ವಯಿಸುವ ಸಮೀಕರಣಗಳು. ಧೂಮಪಾನ ಮಾಡದ 70,000ಕ್ಕೂ ಹೆಚ್ಚು ಆರೋಗ್ಯವಂತರ ಅಳತೆಗಳು ಅವುಗಳ ಹಿಂದಿದ್ದರೂ, ಜನರನ್ನು ನಾಲ್ಕು ಜನಾಂಗೀಯ ಗುಂಪುಗಳಾಗಿ ವಿಂಗಡಿಸಿ, ಅವುಗಳಿಗೆ ಸೇರದ ಎಲ್ಲರನ್ನೂ ‘ಇತರರು’ ಎಂಬ ಒಂದೇ ಸರಾಸರಿಗೆ ಒಪ್ಪಿಸಲಾಗಿತ್ತು. 2022ರಲ್ಲಿ ಜನಾಂಗವನ್ನು ಪರಿಗಣಿಸದ ಸಮೀಕರಣ ಬಂದಿತು. ಇದು ಸ್ವಾಗತಾರ್ಹವೇ, ಆದರೆ ಎಲ್ಲರಿಗೂ ಒಂದೇ ಸಮೀಕರಣವಿದೆ ಎಂದ ಮಾತ್ರಕ್ಕೆ ಅದು ಎಲ್ಲ ಕಡೆಯ ಮಕ್ಕಳಿಗೂ ಸಮನಾಗಿ ಹೊಂದುತ್ತದೆ ಎಂದಾಗುವುದಿಲ್ಲ. ಒಂದೇ ಎತ್ತರದ ಇಬ್ಬರು ಮಕ್ಕಳಲ್ಲಿ ಕಾಲು ಉದ್ದವಾಗಿ ಮುಂಡ ಚಿಕ್ಕದಾಗಿರುವವರ ಎದೆಗೂಡು ಕಿರಿದಾಗಿರಬಹುದು. ಪೋಷಣೆ, ಉಸಿರಾಡುವ ಗಾಳಿ, ಪ್ರೌಢಾವಸ್ಥೆ ಆರಂಭವಾಗುವ ವಯಸ್ಸು ಇವೂ ವ್ಯತ್ಯಾಸ ತರುತ್ತವೆ.

ಹೊಂದಾಣಿಕೆಯನ್ನು ಪರೀಕ್ಷಿಸಲು, ಸ್ಥಳೀಯ ಆರೋಗ್ಯವಂತ ಮಕ್ಕಳನ್ನು ಅಳೆದು, ಅವರ ಫಲಿತಾಂಶಗಳನ್ನು ಝಡ್-ಸ್ಕೋರ್‌ಗೆ, ಅಂದರೆ ನಿರೀಕ್ಷಿತ ಸರಾಸರಿಯಿಂದ ಎಷ್ಟು ಪ್ರಮಾಣಿತ ವಿಚಲನೆಯಷ್ಟು (ಇದು ಆರೋಗ್ಯವಂತರ ನಡುವಿನ ಸಹಜ ಏರಿಳಿತದ ಅಳತೆ) ದೂರವಿದ್ದಾರೆ ಎಂಬ ಅಳತೆಗೆ ಪರಿವರ್ತಿಸುತ್ತಾರೆ. ಸಮೀಕರಣ ಹೊಂದುವುದಾದರೆ ಸರಾಸರಿ ಸೊನ್ನೆಯ ಆಸುಪಾಸಿನಲ್ಲಿ, ಹರಡಿಕೆ 1ರ ಆಸುಪಾಸಿನಲ್ಲಿ ಇರಬೇಕು. ಬೆರಳೆಣಿಕೆಯ ಮಕ್ಕಳನ್ನು ಅಳೆದು ತೀರ್ಪು ಕೊಡುವಂತಿಲ್ಲ. ಕನಿಷ್ಠ 150 ಹುಡುಗರು ಮತ್ತು 150 ಹುಡುಗಿಯರು ಬೇಕೆಂಬುದು ಈ ಕ್ಷೇತ್ರದ ಸಲಹೆ. ಸರಾಸರಿ ಅರ್ಧ ಅಂಕ ಕೆಳಗಿದ್ದರೂ ಪರಿಣಾಮ ಸಣ್ಣದಲ್ಲ: ಸಹಜತೆಯ ಕೆಳಮಿತಿ ಝಡ್-ಸ್ಕೋರ್ –1.64 ಎಂದಿಟ್ಟುಕೊಂಡರೆ, ನೂರು ಆರೋಗ್ಯವಂತ ಮಕ್ಕಳಲ್ಲಿ 5 ಮಂದಿಯ ಬದಲು ಸುಮಾರು 13 ಮಂದಿ ‘ಕಡಿಮೆ’ ಎನಿಸಿಕೊಳ್ಳುತ್ತಾರೆ. ಇನ್ನು ‘ಉಲ್ಲೇಖ ಮೌಲ್ಯದ ಶೇಕಡಾ 80ಕ್ಕಿಂತ ಕಡಿಮೆಯಿದ್ದರೆ ದೋಷ’ ಎಂಬ ಹಳೆಯ ರೂಢಿಯಂತೂ, ಸಹಜ ಏರಿಳಿತ ವಯಸ್ಸಿನೊಂದಿಗೆ ಬದಲಾಗುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಿದ್ದರೆ ಪ್ರತಿಯೊಂದು ಪ್ರದೇಶವೂ ತನ್ನದೇ ಮೌಲ್ಯ ರೂಪಿಸಿಕೊಳ್ಳಲಿ ಎನ್ನಬಹುದು. ಇದರಲ್ಲೊಂದು ಅಪಾಯವಿದೆ. ಕಲುಷಿತ ಗಾಳಿಯಲ್ಲಿ ಅಥವಾ ಅಪೌಷ್ಟಿಕತೆಯ ನಡುವೆ ಬೆಳೆದ ಮಕ್ಕಳನ್ನೇ ಮಾನದಂಡವಾಗಿಸಿಕೊಂಡರೆ, ಅವರ ಶ್ವಾಸಕೋಶಕ್ಕಾದ ಹಾನಿಯೇ ‘ಸಹಜ’ ಎನಿಸಿಕೊಳ್ಳುತ್ತದೆ. ಆದ್ದರಿಂದ ಸ್ಥಳೀಯ ಅಧ್ಯಯನದಲ್ಲಿ ಯಾರನ್ನು ಆರೋಗ್ಯವಂತರೆಂದು ಆರಿಸಿದರು ಎಂಬುದನ್ನು ಮೊದಲು ಓದಬೇಕೆಂದು ನನಗೆ ತೋರುತ್ತದೆ.

ಅಸ್ತಮಾದಂತಹ ಕಾಯಿಲೆಯಲ್ಲಿ ಒಂದೇ ಮಗುವನ್ನು ವರ್ಷಗಟ್ಟಲೆ ಅಳೆಯುವಾಗ ಇನ್ನೊಂದು ಎಚ್ಚರಿಕೆ ಅಗತ್ಯ. ನಡುವೆ ಯಂತ್ರದಲ್ಲಿನ ಸಮೀಕರಣ ಬದಲಾದರೆ, ಶ್ವಾಸಕೋಶದಲ್ಲಿ ಏನೂ ಆಗದಿದ್ದರೂ ವರದಿಯ ಶೇಕಡಾವಾರು ಸಂಖ್ಯೆ ಏರಬಹುದು ಅಥವಾ ಇಳಿಯಬಹುದು. ಆಗ ಹಳೆಯ ಅಳತೆಗಳನ್ನೂ ಹೊಸ ಸಮೀಕರಣದಿಂದ ಮತ್ತೆ ಲೆಕ್ಕ ಹಾಕಿದ ಮೇಲೆಯೇ ಹೋಲಿಸಬೇಕು.