ಚಿತ್ರ ಬಿಡಿಸಲು ಬಾರದವರು ಕಲಾ ಇತಿಹಾಸ ಓದಬಹುದೇ?

ಪ್ರಶ್ನೆ: ನಾನು ಉಡುಪಿಯಲ್ಲಿ ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ಇತಿಹಾಸ ಮತ್ತು ಐಚ್ಛಿಕ ಕನ್ನಡ ನನ್ನ ವಿಷಯಗಳು. ಕಲಾ ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬ ಆಸೆಯಿದೆ. ಆದರೆ ನೆಟ್ಟಗೆ ಒಂದು ಗೆರೆ ಎಳೆಯಲೂ ನನಗೆ ಬರುವುದಿಲ್ಲ. ಚಿತ್ರಕಲೆ ಕಲಿಯದವರಿಗೆ ಈ ಓದು ಸಾಧ್ಯವೇ?

ಉತ್ತರ: ಸಾಧ್ಯ. ಇದೇ ಪ್ರಶ್ನೆಯನ್ನು ಬಹಳ ಮಂದಿ ಕೇಳುತ್ತಾರೆ. ಅದಕ್ಕೆ ಕಾರಣವೂ ಇದೆ: ನಮ್ಮ ಶಾಲೆಗಳಲ್ಲಿ ಕಲೆ ಎಂದರೆ ಡ್ರಾಯಿಂಗ್ ಮಾಸ್ಟ್ರು, ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ, ಅಷ್ಟೇ. ಮನೆಯಲ್ಲಿ ಇನ್ನೊಂದು ಗೊಂದಲ ಕಾದಿರುತ್ತದೆ. ಬಿ.ಎ.ಯನ್ನೇ ನಾವು ‘ಕಲಾ ವಿಭಾಗ’ ಎಂದು ಕರೆಯುವುದರಿಂದ, ಕಲಾ ಇತಿಹಾಸ ಎಂದಾಕ್ಷಣ ಹಿರಿಯರು ಅದನ್ನು ‘ಆರ್ಟ್ಸ್‌ನಲ್ಲಿ ಹಿಸ್ಟರಿ’ ಎಂದು ಅರ್ಥಮಾಡಿಕೊಂಡು, ಈಗ ಓದುತ್ತಿರುವುದೂ ಅದನ್ನೇ ಅಲ್ಲವೇ ಎಂದು ಕೇಳುವುದುಂಟು. ಚಿತ್ರ, ಶಿಲ್ಪ, ಕಟ್ಟಡ, ಹಸ್ತಪ್ರತಿ, ಛಾಯಾಚಿತ್ರಗಳನ್ನು ಯಾರು, ಯಾರಿಗಾಗಿ, ಯಾವ ಸಾಮಗ್ರಿಯಿಂದ, ಯಾವ ಕಾಲದಲ್ಲಿ ಮಾಡಿದರು, ಆಮೇಲೆ ಅವುಗಳಿಗೆ ಏನಾಯಿತು ಎಂದು ವಿಚಾರಿಸುವ ಶಾಸ್ತ್ರವೇ ಕಲಾ ಇತಿಹಾಸ. ಯಕ್ಷಗಾನದ ವಿಮರ್ಶೆ ಬರೆಯುವವನು ತಾನೇ ಕುಣಿದು ಧಿಗಿಣ ಹಾಕಬೇಕೆಂದಿಲ್ಲ. ಆದರೆ ರಂಗಸ್ಥಳದಲ್ಲಿ ತಾಳ ತಪ್ಪಿದರೆ ಅವನಿಗೆ ತಿಳಿಯಬೇಕು. ಇಲ್ಲಿಯೂ ಹಾಗೆಯೇ. ಕುಂಚ ಹಿಡಿದು ಗೊತ್ತಿರುವವರಿಗೆ ಸಾಮಗ್ರಿಯ ತಿಳಿವಳಿಕೆ ಬೇಗ ಬರುತ್ತದೆಂಬುದು ನಿಜ, ಆದರೆ ಅದಿಲ್ಲದೆ ಬಂದು ಚೆನ್ನಾಗಿ ಓದಿದವರು ಬೇಕಾದಷ್ಟು ಜನರಿದ್ದಾರೆ.

ಹಾಗಾದರೆ ಬೇಕಾದದ್ದೇನು? ಮೊದಲನೆಯದಾಗಿ, ಒಂದು ವಸ್ತುವಿನ ಮುಂದೆ ಸಾವಧಾನವಾಗಿ ನಿಂತು ನೋಡುವ ಅಭ್ಯಾಸ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನೇ ತೆಗೆದುಕೊಳ್ಳಿ. ಮೂರು ಮುಖ, ಆರು ಕೈ, ಕುಳಿತ ಭಂಗಿ. ಭಕ್ತರು ಕೈಮುಗಿದು ಮುಂದೆ ಸಾಗುತ್ತಾರೆ. ಇತಿಹಾಸದ ವಿದ್ಯಾರ್ಥಿಯು ಪೀಠದ ಮೇಲಿನ ಸಂಸ್ಕೃತ ಶಾಸನದಿಂದ ತುಳುನಾಡನ್ನು ಆಳಿದ ಆಳುಪ ವಂಶದ ಅರಸ ಕುಂದವರ್ಮನ ಹೆಸರನ್ನೂ ಕಲಿವರ್ಷ 4068, ಅಂದರೆ ಸುಮಾರು ಕ್ರಿ.ಶ. 968 ಎಂಬ ಕಾಲವನ್ನೂ ಬರೆದುಕೊಳ್ಳುತ್ತಾನೆ. ಕಲಾ ಇತಿಹಾಸದ ವಿದ್ಯಾರ್ಥಿಯ ಕೆಲಸ ಶುರುವಾಗುವುದೇ ಅಲ್ಲಿಂದ. ತನ್ನನ್ನು ಶಿವನ ಪಾದಕಮಲದ ದುಂಬಿಯೆಂದು ಹೇಳಿಕೊಳ್ಳುವ ಅರಸನು ‘ವಿಹಾರ’ವೊಂದರಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದನೆಂದು ಶಾಸನ ಹೇಳುತ್ತದೆ. ವಿಹಾರವೆಂದರೆ ಬೌದ್ಧರ ನೆಲೆ, ಲೋಕೇಶ್ವರ ಎಂಬುದು ಬೋಧಿಸತ್ತ್ವ ಅವಲೋಕಿತೇಶ್ವರನ ಹೆಸರೂ ಹೌದು. ಇದು ಬೌದ್ಧ ಮೂರ್ತಿಯೇ, ಶೈವರು ತಮ್ಮದಾಗಿಸಿಕೊಂಡ ಮೂರ್ತಿಯೇ, ಅಥವಾ ಆ ಕಾಲದ ಕದ್ರಿಯಲ್ಲಿ ಇವೆರಡರ ನಡುವೆ ನಾವಿಂದು ಎಳೆಯುವಷ್ಟು ಗಟ್ಟಿಯಾದ ಗಡಿಯೇ ಇರಲಿಲ್ಲವೇ? ಇದಕ್ಕೆ ಉತ್ತರವನ್ನು ಶಾಸನದ ಅಕ್ಷರಗಳಲ್ಲಿ ಮಾತ್ರವಲ್ಲ, ಕಿರೀಟದ ಕೆತ್ತನೆಯಲ್ಲಿ, ಕೈಗಳ ಮುದ್ರೆಯಲ್ಲಿ, ಆಭರಣದ ಅಂಚಿನಲ್ಲಿ, ಪ್ರಭಾವಳಿಯ ವಿನ್ಯಾಸದಲ್ಲಿ ಹುಡುಕಬೇಕಾಗುತ್ತದೆ. ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ದಕ್ಷಿಣ ಭಾರತದ ಹಳೆಯ ಕಂಚಿನ ಮೂರ್ತಿಗಳಲ್ಲಿ ಕಾಲವನ್ನು ತಾವೇ ಹೇಳಿಕೊಳ್ಳುವಂಥವು ಬಲು ಅಪರೂಪ. ಆದ್ದರಿಂದ ಕದ್ರಿಯ ಮೂರ್ತಿಯು ಕಾಲ ತಿಳಿಯದ ಇತರ ಮೂರ್ತಿಗಳನ್ನು ಹೋಲಿಸಿ ನೋಡಲು ಒಂದು ಅಳತೆಗೋಲಾಗುತ್ತದೆ. ಸೆಮಿನಾರ್ ಪ್ರಬಂಧದಲ್ಲಿ ‘ಅತ್ಯಂತ ಮನೋಹರವಾದ ಮೂರ್ತಿ’ ಎಂದು ಬರೆದರೆ ಅಧ್ಯಾಪಕರು ಆ ವಾಕ್ಯದ ಕೆಳಗೆ ಗೆರೆ ಎಳೆಯುವುದು ಮೆಚ್ಚುಗೆಯಿಂದಲ್ಲ.

ಎರಡನೆಯದು ಸಾಮಗ್ರಿಯ ಜ್ಞಾನ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳನ್ನು ನೀವು ನೋಡಿರಬಹುದು. ಇಟಲಿಯ ಬೆರ್ಗಾಮೊ ಪ್ರಾಂತ್ಯದಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಲ್ಲಿ ಕೆಲಸ ಹಿಡಿದು ಸುಮಾರು ಎರಡು ವರ್ಷಗಳಲ್ಲಿ ಅವನ್ನು ಮುಗಿಸಿದರು. ಗೋಡೆಯ ಮೇಲಿನವು ಫ್ರೆಸ್ಕೊ, ಛಾವಣಿಯವು ಕ್ಯಾನ್ವಾಸಿನ ಮೇಲೆ ಬರೆದ ತೈಲಚಿತ್ರಗಳು. ಫ್ರೆಸ್ಕೊದಲ್ಲಿ ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕದಡಿದ ಬಣ್ಣ ಹಚ್ಚುತ್ತಾರೆ. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನದಲ್ಲಿ ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಅಂದಂದು ಗಾರೆ ಮೆತ್ತಬೇಕು. ಈಗ ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಕಾವಿ ಕಲೆಯನ್ನು ನೆನಪಿಸಿಕೊಳ್ಳಿ. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ತೆಳುವಾದ ಪದರ ಬಳಿದು, ಅದು ಒಣಗುವ ಮೊದಲೇ ಮೊನಚಾದ ಕಡ್ಡಿಯಿಂದ ಗೀರಿ, ಕೆಳಗಿನ ಬಿಳುಪು ಕಾಣುವಂತೆ ಬಳ್ಳಿ, ಹೂವು, ದೇವತೆಗಳನ್ನು ಮೂಡಿಸುತ್ತಿದ್ದರು. ಸುಣ್ಣ ಬರುತ್ತಿದ್ದುದು ಕಡಲಿನ ಚಿಪ್ಪು ಸುಟ್ಟು. ಇಟಲಿಯ ಚಿತ್ರಕಾರನಿಗೂ ಕರಾವಳಿಯ ಕುಶಲಕರ್ಮಿಗೂ ಪರಸ್ಪರ ಸಂಬಂಧವೇನೂ ಇಲ್ಲ, ಆದರೆ ಇಬ್ಬರನ್ನೂ ಅವಸರಪಡಿಸುತ್ತಿದ್ದದ್ದು ಹಸಿ ಸುಣ್ಣವೇ. ಚರ್ಚಿನ ಚಿತ್ರ ಒಂದು ವಿಭಾಗ, ದೇವಸ್ಥಾನದ ಗೋಡೆ ಇನ್ನೊಂದು ವಿಭಾಗ ಎಂದು ಬೇರೆಬೇರೆ ಕಪಾಟಿನಲ್ಲಿಟ್ಟರೆ ಈ ಮಾತು ಹೊಳೆಯುವುದೇ ಇಲ್ಲ. ಇಂಥ ಹೋಲಿಕೆಗಳು ಹೊಳೆಯುವ ಹಾಗೆ ಕಣ್ಣನ್ನು ತರಬೇತುಗೊಳಿಸುವುದೇ ಎರಡು ವರ್ಷದ ಪಾಠದ ಮುಖ್ಯ ಭಾಗ.

ಮೂರನೆಯದು ಭಾಷೆ. ನಿಮ್ಮ ಐಚ್ಛಿಕ ಕನ್ನಡ ಇಲ್ಲಿ ನಿಮ್ಮ ದೊಡ್ಡ ಬಂಡವಾಳವೆಂದು ನನ್ನ ಅಭಿಪ್ರಾಯ. ಹಳಗನ್ನಡ ಓದಬಲ್ಲವರು, ತುಳು ಮಾತಾಡಬಲ್ಲವರು, ಕರಾವಳಿಯ ಹಳೆಯ ಹಸ್ತಪ್ರತಿಗಳ ತಿಗಳಾರಿ ಲಿಪಿ ಕಲಿಯಲು ಮನಸ್ಸು ಮಾಡುವವರು ದೊಡ್ಡ ನಗರಗಳ ತರಗತಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಮೂಡುಬಿದಿರೆಯ ಜೈನ ಭಂಡಾರದಲ್ಲಿದ್ದು ಬಂದ ಧವಳಾ ಎಂಬ ಜೈನ ಶಾಸ್ತ್ರಗ್ರಂಥಗಳ ತಾಳೆಗರಿಗಳಲ್ಲಿ 12ನೇ ಶತಮಾನದ ಬಣ್ಣದ ಚಿತ್ರಗಳಿವೆ. ಅಂಥದರ ಮೇಲೆ ಕೆಲಸ ಮಾಡುವವರಿಗೆ ಚಿತ್ರ ನೋಡಲು ಬಂದರೆ ಸಾಲದು, ಅದರ ಪಕ್ಕದ ಸಾಲನ್ನೂ ಓದಲು ಬರಬೇಕು. ಹಾಗೆಯೇ ಇಂಗ್ಲಿಷಿನಲ್ಲಿ ಓದಿ ಬರೆಯುವ ಅಭ್ಯಾಸವನ್ನು ಈಗಿನಿಂದಲೇ ಗಟ್ಟಿಮಾಡಿಕೊಳ್ಳಿ. ಪಠ್ಯಗಳ ಬಹುಪಾಲು ಅದರಲ್ಲೇ ಇರುವುದರಿಂದ ಮೊದಲ ಸೆಮಿಸ್ಟರ್ ಕನ್ನಡ ಮಾಧ್ಯಮದಿಂದ ಹೋದವರಿಗೆ ನಿಜಕ್ಕೂ ಭಾರವಾಗುತ್ತದೆ.

ಇನ್ನು ಎಲ್ಲಿ ಓದುವುದು ಎಂಬ ಮಾತು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಎಂ.ಎ. ಇದೆ, ಕಲಾ ಇತಿಹಾಸವನ್ನೇ ಮುಖ್ಯವಾಗಿ ಓದಬೇಕೆಂದರೆ ಊರು ಬಿಡಬೇಕಾಗುತ್ತದೆ. ಇಲ್ಲಿ ಹೆಸರುಗಳ ವ್ಯತ್ಯಾಸವನ್ನು ಗಮನಿಸಿ. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಲಲಿತಕಲಾ ನಿಕಾಯ, ಶಾಂತಿನಿಕೇತನದ ಕಲಾಭವನ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆಲ್ಲ ಕಲಾವಿದರನ್ನು ತಯಾರು ಮಾಡುವ ಸಂಸ್ಥೆಗಳು. ಅಲ್ಲಿ ಕಲಾ ಇತಿಹಾಸವು ಎಂ.ವಿ.ಎ. (ದೃಶ್ಯಕಲೆ) ಅಥವಾ ಎಂ.ಎಫ್.ಎ. (ಲಲಿತಕಲೆ) ಎಂಬ ಸ್ನಾತಕೋತ್ತರ ಪದವಿಯ ರೂಪದಲ್ಲಿರುತ್ತದೆ, ಪಕ್ಕದ ಸ್ಟುಡಿಯೋದಲ್ಲಿ ಅಚ್ಚು ಎರೆಯುವವರನ್ನೂ ಬಣ್ಣ ಅರೆಯುವವರನ್ನೂ ದಿನವೂ ನೋಡುವ ಲಾಭವಿರುತ್ತದೆ. ಪ್ರವೇಶಕ್ಕೆ ದೃಶ್ಯಕಲೆಯ ಪದವಿಯೇ ಬೇಕೇ, ಬೇರೆ ಪದವೀಧರರಿಗೂ ಅವಕಾಶವಿದೆಯೇ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಯೇ ಅರ್ಜಿ ಹಾಕಬೇಕು. ನಿಮ್ಮ ಪ್ರಶ್ನೆ ನಿಜವಾಗಿ ತೂಕ ಪಡೆಯುವುದು ಇದೊಂದೇ ಕಡೆಯಲ್ಲಿ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಕಲೆ ಮತ್ತು ಸೌಂದರ್ಯಶಾಸ್ತ್ರ ವಿಭಾಗದ ಎಂ.ಎ.ಗೆ ಯಾವ ವಿಷಯದ ಪದವೀಧರರಾದರೂ ಸೇರಬಹುದು, ಪ್ರವೇಶ ಸಿ.ಯು.ಇ.ಟಿ.-ಪಿ.ಜಿ. ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಚಿತ್ರ-ಶಿಲ್ಪಗಳ ಜತೆ ರಂಗಭೂಮಿ, ಸಿನಿಮಾಗಳನ್ನೂ ಅಲ್ಲಿ ಓದಿಸುವುದರಿಂದ ಭೂತಕೋಲ, ಯಕ್ಷಗಾನದ ಆಟಗಳನ್ನು ನೋಡಿ ಬೆಳೆದವರಿಗೆ ಆ ವಿಭಾಗ ಹೊಂದುತ್ತದೆ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಕಲಾ ಇತಿಹಾಸದ್ದೇ ವಿಭಾಗವಿದೆ. ಅಷ್ಟು ದೂರ ಹೋಗುವುದು ಕಷ್ಟವೆಂದಾದರೆ ಮೈಸೂರಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ, ಧಾರವಾಡದಲ್ಲಿ ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರ ಓದಿ, ವಾಸ್ತು-ಮೂರ್ತಿಶಿಲ್ಪದ ಕಡೆಯಿಂದ ಇದೇ ಕ್ಷೇತ್ರಕ್ಕೆ ಬರಬಹುದು. ಇದು ಬಳಸುದಾರಿಯೇನಲ್ಲ; ನಮ್ಮ ನಾಡಿನ ಶಿಲ್ಪಗಳ ಬಗ್ಗೆ ಒಳ್ಳೆಯ ಕೆಲಸ ಮಾಡಿದ ಅನೇಕರು ಬಂದದ್ದು ಹೀಗೆಯೇ.

ಊರು ಬಿಟ್ಟು ಓದಿದರೂ ಕಿರುಪ್ರಬಂಧದ ವಿಷಯವನ್ನು ಊರಿನಿಂದಲೇ ಒಯ್ಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಬಾರ್ಕೂರಿನ ಸಮೀಪದ ಮೆಕ್ಕೆಕಟ್ಟಿನ ದೊಡ್ಡ ದೊಡ್ಡ ಮರದ ಭೂತವಿಗ್ರಹಗಳಲ್ಲಿ ಕೆಲವು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಮರ ಹಳತಾಗಿ ಜೀರ್ಣವಾದರೆ ಹೊಸದನ್ನು ಕೆತ್ತಿಸಿ ಪ್ರತಿಷ್ಠೆ ಮಾಡುವ ನಂಬಿಕೆಯಲ್ಲಿ ಹಳೆಯ ವಿಗ್ರಹಕ್ಕೆ ಇರುವ ಸ್ಥಾನ ಬೇರೆ, ಹಳತಾದಷ್ಟೂ ಬೆಲೆ ಹೆಚ್ಚುವ ವಸ್ತುಸಂಗ್ರಹಾಲಯದಲ್ಲಿ ಅದಕ್ಕೆ ಸಿಗುವ ಸ್ಥಾನ ಬೇರೆ. ಗರಡಿ, ಸಾನಗಳಂಥ ಭೂತಾರಾಧನೆಯ ತಾಣಗಳ ಅಂಗಳದಲ್ಲಿ ಬೆಳೆದವರಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಅದನ್ನು ಶಾಸ್ತ್ರದ ಭಾಷೆಯಲ್ಲಿ ಹೇಳುವುದನ್ನು ಮಾತ್ರ ಕಲಿಯಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ತೆಗೆದ ಹಳೆಯ ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಸಂಗ್ರಹದಲ್ಲಿದ್ದು, ಅಂತರ್ಜಾಲದಲ್ಲೂ ಸಿಗುತ್ತವೆ. ಕ್ಯಾಮೆರಾದ ಹಿಂದೆ ನಿಂತವರು ಯಾರನ್ನು ಹೇಗೆ ನಿಲ್ಲಿಸಿ ತೆಗೆದರು ಎಂಬುದೇ ಒಂದು ಪ್ರಬಂಧಕ್ಕೆ ಸಾಕು.

ಉದ್ಯೋಗದ ವಿಷಯದಲ್ಲಿ ಬಣ್ಣದ ಮಾತು ಆಡಲಾರೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿದ ಪಕ್ಕದ ಮನೆಯ ಹುಡುಗನ ಮೊದಲ ಸಂಬಳದೊಡನೆ ಹೋಲಿಸಲು ಹೊರಟರೆ ಬೇಸರವೇ ಆದೀತು. ವಸ್ತುಸಂಗ್ರಹಾಲಯ, ಗ್ಯಾಲರಿ, ಹರಾಜು ಸಂಸ್ಥೆ, ದಾಖಲೆ ಸಂಗ್ರಹ, ಪ್ರಕಾಶನ, ಪರಂಪರೆಯ ಸಂರಕ್ಷಣೆ ಇವು ಕೆಲಸ ಸಿಗುವ ಕಡೆಗಳು. ಬೆಂಗಳೂರಿನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಶಾಖೆ, 2023ರಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಖಾಸಗಿ ವಸ್ತುಸಂಗ್ರಹಾಲಯ ‘ಮ್ಯಾಪ್’ ತೆರೆದ ಮೇಲೆ ರಾಜ್ಯದೊಳಗೆ ಅವಕಾಶ ಸ್ವಲ್ಪ ಹಿಗ್ಗಿದೆ. ಅಧ್ಯಾಪನಕ್ಕೆ ಹೋಗುವುದಾದರೆ, ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ನೆಟ್ ಪರೀಕ್ಷೆಯಲ್ಲಿ ಕಲಾ ಇತಿಹಾಸವು ಪ್ರತ್ಯೇಕ ವಿಷಯವಲ್ಲ, ದೃಶ್ಯಕಲೆಯೊಳಗಿನ ಒಂದು ಐಚ್ಛಿಕ ಭಾಗ ಎಂಬುದು ನೆನಪಿರಲಿ. ಅದೇ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ವೇತನ ಜೆ.ಆರ್.ಎಫ್. ದೊರೆತರೆ ಸಂಶೋಧನೆಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಸಿಗುತ್ತದೆ.

ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ಬಿಡುವಿನಲ್ಲಿ ಒಂದು ಕೆಲಸ ಮಾಡಿ ನೋಡಿ. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ, ಯಾವುದಾದರೂ ಒಂದೇ ಶಿಲ್ಪದ ಮುಂದೆ ಅರ್ಧ ಗಂಟೆ ನಿಂತು, ‘ಸುಂದರ’ ಎಂಬ ಪದ ಬಳಸದೆ ಎರಡು ಪುಟ ಬರೆಯಿರಿ. ಆಮೇಲೆ ನಿಮ್ಮ ಊರಿನ ಸಣ್ಣ ಗುಡಿಯೊಂದರ ನೆಲನಕ್ಷೆಯನ್ನು, ಅಲ್ಲಿಯವರ ಅನುಮತಿ ಕೇಳಿಕೊಂಡು, ಟೇಪು ಹಿಡಿದು ಅಳೆದು ಹಾಕಿರಿ. ಈ ಓದಿನಲ್ಲಿ ನೀವು ಕೈಯಾರೆ ಗೆರೆ ಎಳೆಯಬೇಕಾಗಿ ಬರುವುದು ಹೆಚ್ಚಾಗಿ ಇಂಥ ಕಡೆ, ಮತ್ತು ಅದಕ್ಕೆ ಅಡಿಪಟ್ಟಿ ಬಳಸಬಾರದೆಂದು ಯಾರೂ ಹೇಳುವುದಿಲ್ಲ.