ವಿಂಡೋ ಮುಟ್ಟೋದು ಒಂದೇ ಥ್ರೆಡ್: ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯುವವರಿಗೆ ಟಿಪ್ಪಣಿ

ಬಟನ್ ಒತ್ತಿದ ಕೂಡಲೇ ಇಡೀ ವಿಂಡೋ ಮರಗಟ್ಟಿ ನಿಲ್ಲುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಎಳೆದರೆ ಜರುಗುವುದಿಲ್ಲ, ಮುಚ್ಚಲೂ ಆಗುವುದಿಲ್ಲ. ವಿಂಡೋಸ್‌ನಲ್ಲಾದರೆ 5 ಸೆಕೆಂಡ್ ಕಳೆದ ಮೇಲೆ ತಲೆಪಟ್ಟಿಯಲ್ಲಿ 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತದೆ.

ಒಳಗೆ ಆಗುವುದು ಇಷ್ಟೇ. ಮೌಸ್ ಕ್ಲಿಕ್, ಕೀ ಒತ್ತಿದ್ದು, ಪರದೆಯನ್ನು ಮತ್ತೆ ಬಿಡಿಸುವ ಕೆಲಸ ಎಲ್ಲವೂ ಒಂದು ಸಾಲಿನಲ್ಲಿ ನಿಲ್ಲುತ್ತವೆ. ಯುಐ ಥ್ರೆಡ್, ಅಂದರೆ ವಿಂಡೋ ನೋಡಿಕೊಳ್ಳುವ ಥ್ರೆಡ್ (ಪ್ರೋಗ್ರಾಂ ಒಳಗೆ ಕೋಡ್ ಓಡುವ ಒಂದು ಎಳೆ), ಒಂದೊಂದನ್ನೇ ತೆಗೆದು ಮುಗಿಸುತ್ತದೆ. ನೀವು ಬಟನ್‌ಗೆ ಬರೆದ ಫಂಕ್ಷನ್ ಓಡುವುದೂ ಅದೇ ಥ್ರೆಡ್‌ನಲ್ಲಿ. ಅದು ಮುಗಿಯುವ ತನಕ ಹಿಂದಿನವರೆಲ್ಲ ಕಾಯಬೇಕು. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ.

ಸರಿ, ಭಾರದ ಕೆಲಸವನ್ನು ಬೇರೆ ಥ್ರೆಡ್‌ಗೆ ಹಾಕೋಣ ಅನ್ನಿಸುತ್ತದೆ. ಅದು ಸರಿಯೇ. ನಾನೂ ಹಾಗೇ ಮಾಡಿದ್ದೆ: ಒಂದು ಫೋಲ್ಡರಿನ ಫೋಟೋಗಳನ್ನೆಲ್ಲ ಚಿಕ್ಕದು ಮಾಡಿ ತೋರಿಸುವ ಸ್ವಿಂಗ್ (ಜಾವಾದ ಟೂಲ್‌ಕಿಟ್, ಅಂದರೆ ಬಟನ್, ಲೇಬಲ್ ಎಲ್ಲ ಕೊಡುವ ಲೈಬ್ರರಿ) ಪ್ರೋಗ್ರಾಂ. ಆದರೆ ಹೊಸ ಥ್ರೆಡ್‌ನಿಂದಲೇ ನೇರವಾಗಿ ಲೇಬಲ್ ಬದಲಿಸಿ, ಪಟ್ಟಿಗೆ ಸೇರಿಸುತ್ತಾ ಹೋದೆ. ನನ್ನ ಯಂತ್ರದಲ್ಲಿ ಚೆನ್ನಾಗಿಯೇ ಓಡಿತು. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಕೆಲವೊಮ್ಮೆ ಅರ್ಧ ಪಟ್ಟಿ ಖಾಲಿ, ಕೆಲವೊಮ್ಮೆ ಎಲ್ಲ ಸರಿ. ಸ್ವಿಂಗ್ ಇಂಥ ತಪ್ಪನ್ನು ಹಿಡಿದು ಹೇಳುವುದಿಲ್ಲ, ಅದೇ ಕಷ್ಟ. ಮೈಕ್ರೋಸಾಫ್ಟ್‌ನ ಟೂಲ್‌ಕಿಟ್ ಡಬ್ಲ್ಯೂಪಿಎಫ್ ಆದರೆ ತಕ್ಷಣ ಎಕ್ಸೆಪ್ಶನ್ ಎಸೆಯುತ್ತದೆ. ಕಲಿಯುವವರಿಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಎಲ್ಲ ಕಡೆ ಲಾಕ್ ಹಾಕಿ, ಒಂದು ಸಲಕ್ಕೆ ಒಂದೇ ಥ್ರೆಡ್ ಒಳಗೆ ಬರುವಂತೆ ಮಾಡಿದರೆ ಆಗಲ್ವಾ? ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕ್ಲಿಕ್ ಬರುವುದು ಕೆಳಗಿನಿಂದ ಮೇಲಕ್ಕೆ: ಆಪರೇಟಿಂಗ್ ಸಿಸ್ಟಂ, ಆಮೇಲೆ ಟೂಲ್‌ಕಿಟ್, ಆಮೇಲೆ ನಿಮ್ಮ ಕೋಡ್. ನೀವು ಲೇಬಲ್ ಬದಲಿಸುವಾಗ ದಾರಿ ತಿರುಗುಮುರುಗು, ನಿಮ್ಮ ಕೋಡಿನಿಂದ ಕೆಳಕ್ಕೆ. ಎರಡು ಥ್ರೆಡ್‌ಗಳು ಒಂದೇ ಲಾಕ್‌ಗಳನ್ನು ಎದುರುಬದುರು ಕ್ರಮದಲ್ಲಿ ಹಿಡಿದರೆ, ನೀನು ಬಿಡು ನಾನು ಬಿಡುತ್ತೇನೆ ಅಂತ ಇಬ್ಬರೂ ಕಾಯುತ್ತಾ ಕೂರುತ್ತಾರೆ. ಅದೇ ಡೆಡ್‌ಲಾಕ್. ಅದಕ್ಕೇ ಸ್ವಿಂಗ್, ಕ್ಯೂಟ್, ಜಿಟಿಕೆ ಇಂಥ ಟೂಲ್‌ಕಿಟ್‌ಗಳೆಲ್ಲವೂ ವಿಂಡೋವನ್ನು ಒಂದೇ ಥ್ರೆಡ್ ಮುಟ್ಟಲಿ ಅಂತ ನಿಯಮ ಇಟ್ಟಿವೆ.

ಹಾಗಾಗಿ ಕೆಲಸದ ಥ್ರೆಡ್ ಕೆಲಸ ಮುಗಿಸಿ ಫಲಿತಾಂಶವನ್ನು ಯುಐ ಥ್ರೆಡ್‌ನ ಸಾಲಿಗೆ ಹಾಕಬೇಕು, ಅಷ್ಟೇ. ಹಾಗೆ ಹಾಕಲು ಸ್ವಿಂಗ್‌ನಲ್ಲಿ ಇನ್‌ವೋಕ್‌ಲೇಟರ್, ಜಾವಾಎಫ್‌ಎಕ್ಸ್‌ನಲ್ಲಿ ರನ್‌ಲೇಟರ್, ಕ್ಯೂಟ್‌ನಲ್ಲಿ ಸಿಗ್ನಲ್. ಪೈಥಾನ್‌ನ ಟಿಕಿಂಟರ್‌ನಲ್ಲಿ ನನಗೆ ಹಿಡಿಸಿದ್ದು ಕ್ಯೂ: ಕೆಲಸದ ಥ್ರೆಡ್ ಪ್ರತಿ ಫೋಟೋ ಮುಗಿದಾಗ ಅದರ ಹೆಸರನ್ನು ಕ್ಯೂಗೆ ಹಾಕುತ್ತದೆ. ಯುಐ ಕಡೆ ಒಂದು ಪುಟ್ಟ ಫಂಕ್ಷನ್ ಕ್ಯೂನಲ್ಲಿ ಇದ್ದಷ್ಟನ್ನು ತೆಗೆದು, ಲೇಬಲ್ ಬದಲಿಸಿ, 'ಆಫ್ಟರ್' ಕರೆದು 100 ಮಿಲಿಸೆಕೆಂಡ್ ಆದಮೇಲೆ ತಾನೇ ಮತ್ತೆ ಬರುತ್ತದೆ. ಇದರಿಂದ ಇನ್ನೊಂದು ಲಾಭ ಇದೆ. ಒಂದು ಲಕ್ಷ ಸಾಲಿನ ಫೈಲ್ ಓದುವಾಗ ಸಾಲಿಗೊಂದು ಸಂದೇಶ ಸುಮ್ನೆ ಯುಐಗೆ ಕಳಿಸಿದರೆ ವಿಂಡೋ ಮತ್ತೆ ಮರಗಟ್ಟುತ್ತದೆ. ಇಲ್ಲಿ ಲೇಬಲ್ ಸೆಕೆಂಡಿಗೆ ಹತ್ತು ಸಲಕ್ಕಿಂತ ಜಾಸ್ತಿ ಬದಲಾಗುವುದಿಲ್ಲ.

ಕ್ಯೂಟ್ ಬಳಸುವವರು ಒಂದು ವಿಷಯ ಗಮನಿಸಿ. ಹೊಸ ಥ್ರೆಡ್ ಶುರು ಮಾಡುವ ಕ್ಯೂಥ್ರೆಡ್ ಆಬ್ಜೆಕ್ಟ್ ಅದನ್ನು ಸೃಷ್ಟಿಸಿದ ಥ್ರೆಡ್‌ಗೆ ಸೇರಿದ್ದು. ಹೊಸ ಥ್ರೆಡ್‌ನಲ್ಲಿ ಓಡುವುದು ಅದರ 'ರನ್' ಫಂಕ್ಷನ್. ಆ ಕ್ಲಾಸಿಗೆ ನೀವು ಸೇರಿಸಿದ ಸ್ಲಾಟ್ (ಸಿಗ್ನಲ್‌ಗೆ ಉತ್ತರಿಸುವ ಫಂಕ್ಷನ್), ಸಿಗ್ನಲ್ ಬಂದಾಗ, ಸಾಮಾನ್ಯವಾಗಿ ಯುಐ ಥ್ರೆಡ್‌ನಲ್ಲೇ ಓಡುತ್ತದೆ. ಕೆಲಸಕ್ಕೆ ಬೇರೆ ಆಬ್ಜೆಕ್ಟ್ ಮಾಡಿ, 'ಮೂವ್‌ಟುಥ್ರೆಡ್' ಕರೆದು ಅದನ್ನು ಹೊಸ ಥ್ರೆಡ್‌ಗೆ ಸೇರಿಸುವುದು ಸುಲಭ.

ಕೆಲಸ ನಿಲ್ಲಿಸಬೇಕಾದರೆ ಥ್ರೆಡ್ ಅನ್ನು ಬಲವಂತವಾಗಿ ಕೊಲ್ಲಬೇಡಿ; ಅದು ಲಾಕ್ ಹಿಡಿದೇ ಸತ್ತರೆ ಉಳಿದವರು ಕಾಯುತ್ತಲೇ ಇರುತ್ತಾರೆ. ಒಂದು ಫ್ಲ್ಯಾಗ್ ಇಡಿ, ಪ್ರತಿ ಫೋಟೋ ಮುಗಿದಾಗ ಅದನ್ನು ನೋಡಲಿ. ವಿಂಡೋ ಮುಚ್ಚುವಾಗಲೂ ಇದೇ ಫ್ಲ್ಯಾಗ್. ಆದರೆ ಆಗ ಯುಐ ಥ್ರೆಡ್ 'ಜಾಯಿನ್' ಕರೆದು ಕೆಲಸದ ಥ್ರೆಡ್ ಮುಗಿಯಲಿ ಅಂತ ಕಾಯುತ್ತಾ ಕೂತು, ಕೆಲಸದ ಥ್ರೆಡ್ ಅತ್ತ ಯುಐ ಉತ್ತರಕ್ಕೆ ಕಾಯುವ 'ಇನ್‌ವೋಕ್' ಕರೆದಿದ್ದರೆ ಮತ್ತೆ ಡೆಡ್‌ಲಾಕ್.

ನೀವು ಬರೆದದ್ದು ಸರಿಯಿದೆಯೇ ಅಂತ ನೋಡಲು ಕೆಲಸದ ಥ್ರೆಡ್‌ನಲ್ಲಿ ಬೇಕೆಂದೇ 3 ಸೆಕೆಂಡ್ ನಿದ್ದೆ ಹಾಕಿ. ಆ ಹೊತ್ತಲ್ಲಿ ವಿಂಡೋ ಎಳೆಯಿರಿ, ಅದೇ ಬಟನ್ ಎರಡು ಸಲ ಒತ್ತಿ, ನಡುವೆಯೇ ಮುಚ್ಚಿ ನೋಡಿ.