ಬೆನ್ನಿಗೆ ಪಾದರಸ, ಚೌಕಟ್ಟಿಗೆ ಚಿನ್ನ

ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರದಲ್ಲಿ 17 ಕಮಾನುಗಳಿವೆ. ಒಂದೊಂದರಲ್ಲೂ 21 ಕನ್ನಡಿ, ಒಟ್ಟು 357. ಹೀಗೆ ತುಂಡು ತುಂಡಾಗಿ ಜೋಡಿಸಿದ್ದು ಬರೀ ಅಂದಕ್ಕಲ್ಲ. ಹಜಾರ ಮುಗಿದದ್ದು 1684ರಲ್ಲಿ. ಆಗ ಕನ್ನಡಿಯ ಗಾಜನ್ನು ಕೊಳವೆಯಂತೆ ಊದಿ, ಸೀಳಿ, ಬಿಡಿಸಿ ಚಪ್ಪಟೆ ಮಾಡುತ್ತಿದ್ದರು. ಊದುವವನ ಉಸಿರು ಮತ್ತು ತೋಳ್ಬಲ ಮೀರಿದ ಹಲಗೆ ಸಿಗುತ್ತಿರಲಿಲ್ಲ.

ಆ ಕಾಲದ ಕನ್ನಡಿಯ ಬೆನ್ನಿಗೆ ಬೆಳ್ಳಿಯೂ ಇಲ್ಲ. ನಯವಾದ ಕಲ್ಲುಮೇಜಿನ ಮೇಲೆ ತವರದ ತೆಳು ಹಾಳೆ ಹಾಸಿ, ಮೊದಲು ಸ್ವಲ್ಪ ಪಾದರಸ ತಿಕ್ಕಿ, ಆಮೇಲೆ ಕೆಲವು ಮಿಲಿಮೀಟರ್ ನಿಲ್ಲುವಷ್ಟು ಸುರಿಯುತ್ತಿದ್ದರು. ಗಾಜನ್ನು ಮೇಲಿಂದ ಇಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಒಂದು ಅಂಚಿನಿಂದ ಜಾರಿಸಿದರೆ ಪಾದರಸದ ಮೇಲಿನ ಕಿಟ್ಟವನ್ನೂ ತಳ್ಳಿಕೊಂಡು ಹೋಗುತ್ತದೆ. ಆಮೇಲೆ ಭಾರ ಹೇರಿ, ಮೆಲ್ಲಮೆಲ್ಲನೆ ವಾಲಿಸುತ್ತ ವಾರಗಟ್ಟಲೆ ಬಸಿಯಬೇಕು. ಈ ಕೆಲಸದವರಿಗೆ ಕೈಕಾಲು ಸ್ವಾಧೀನ ತಪ್ಪುವುದನ್ನೂ ಉಬ್ಬಸ ಹತ್ತುವುದನ್ನೂ ಇಟಲಿಯ ವೈದ್ಯ ರಾಮಾತ್ಸಿನಿ 1700ರಲ್ಲೇ ಬರೆದಿಟ್ಟಿದ್ದಾರೆ.

ಎಷ್ಟು ಬಸಿದರೂ ತವರ–ಪಾದರಸದ ಹರಳುಗಳ ಸಂದಿಯಲ್ಲಿ ದ್ರವ ಉಳಿದೇ ಉಳಿಯುತ್ತದೆ. ಅದು ಶತಮಾನಗಳ ಕಾಲ ಕೆಳಗಿಳಿಯುತ್ತದೆ. ಇತ್ತ ತವರ ಆಕ್ಸೈಡಾಗಿ ಬೂದು ಕಲೆ ಬೀಳುತ್ತದೆ. ಆದ್ದರಿಂದ ಹಳೆಯ ಕನ್ನಡಿಯನ್ನು ತಲೆಕೆಳಗು ಮಾಡಲೇಬಾರದು: ತಳದಲ್ಲಿ ಕೂಡಿದ ಪಾದರಸ ಹಿಂದಕ್ಕೆ ಹರಿದು, ಚೆನ್ನಾಗಿದ್ದ ಭಾಗವನ್ನೂ ಹಾಳುಮಾಡುತ್ತದೆ. ಚೌಕಟ್ಟಿನ ಕೆಳಗೆ ಹೊಳೆಯುವ ಹನಿ ಕಂಡರೆ ಪೊರಕೆ, ವ್ಯಾಕ್ಯೂಮ್ ಮುಟ್ಟಿಸಬೇಡಿ. ಆವಿ ಕೋಣೆಗೆಲ್ಲ ಹರಡುತ್ತದೆ. ಇದು ಯಾವ ಕನ್ನಡಿ ಎಂದು ಅಂದಾಜಿಸಲು ಬಿಳಿ ಕಾಗದ ಹಿಡಿದು ನೋಡಿ. ಪಾದರಸದ್ದರಲ್ಲಿ ಬಿಂಬ ನೀಲಿಬೂದು, ಬೆಳ್ಳಿಯದ್ದರಲ್ಲಿ ತುಸು ಹಳದಿ. ಬೆಳ್ಳಿ ಲೇಪದ ರಸಾಯನ ವಿಧಾನವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಕಂಡುಕೊಂಡದ್ದು 1835ರಲ್ಲಿ.

ಇನ್ನು ಮರದ ಚೌಕಟ್ಟು. ಕೆತ್ತನೆಯ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಚರ್ಮದಿಂದ ಕುದಿಸಿ ತೆಗೆದ ಅಂಟಿನ ಹಲವು ಲೇಪ, ಅದರ ಮೇಲೆ ನುಣ್ಣನೆಯ ಕೆಂಪು ಜೇಡಿ. ನೀರು ಸವರಿದ ಕೂಡಲೇ ಚಿನ್ನದ ರೇಕನ್ನು ಇಟ್ಟರೆ ಜೇಡಿ ಅದನ್ನು ಎಳೆದುಕೊಳ್ಳುತ್ತದೆ. ರೇಕಿನ ದಪ್ಪ ಸುಮಾರು 0.1 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಕೆಲವು ಗಂಟೆ ಬಿಟ್ಟು ಅಗೇಟ್ ಕಲ್ಲಿನಿಂದ ಉಜ್ಜಬೇಕು: ಹಸಿಯಿದ್ದಾಗ ಉಜ್ಜಿದರೆ ರೇಕು ಹರಿಯುತ್ತದೆ, ಪೂರ್ತಿ ಒಣಗಿದರೆ ಹೊಳಪು ಬರುವುದಿಲ್ಲ.

ನೀರಿನಿಂದ ಕೂತ ಚಿನ್ನ ನೀರಿನಿಂದಲೇ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೂ ಕೆಂಪು ಜೇಡಿ ಇಣುಕೀತು. ಮೆತ್ತನೆಯ ಒಣ ಕುಂಚ ಸಾಕು. ಗಾಜಿನ ಮೇಲೂ ನೇರ ಸ್ಪ್ರೇ ಬೇಡ, ದ್ರವ ಅಂಚಿನಿಂದ ಹಿಂದಕ್ಕೆ ಇಳಿಯುತ್ತದೆ. ಸವೆದ ಕಡೆಗೆ ಅಂಗಡಿಯ ‘ಗೋಲ್ಡ್ ಪೇಂಟ್’ ಬಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅದರಲ್ಲಿರುವುದು ಸಾಮಾನ್ಯವಾಗಿ ಹಿತ್ತಾಳೆ ಪುಡಿ. ಕೆಲವೇ ವರ್ಷಗಳಲ್ಲಿ ಕಂದು, ಹಸಿರಿಗೆ ತಿರುಗುತ್ತದೆ, ಅಡಿಯಲ್ಲಿ ಉಳಿದಿರಬಹುದಾದ ಹಳೆಯ ಚಿನ್ನವನ್ನೂ ಮುಚ್ಚಿಬಿಡುತ್ತದೆ.